ಹಳೇ ಬೇಸ್ ಗಿಟಾರಿನ ಬಣ್ಣ ಕೀಳುವುದು: ರಿಪೇರಿಯವರನ್ನು ಕೇಳಿ

ಅಡ್ಮಿನ್: ಈ ವಾರ ಒಂದೇ ವಿಷಯ. ಹಳೇ ಎಲೆಕ್ಟ್ರಿಕ್ ಬೇಸ್‌ನ ಬಣ್ಣ ತೆಗೆದು ಮರ ಕಾಣುವಂತೆ ಮಾಡುವುದು ಹೇಗೆ? ನಮ್ಮ ಗಿಟಾರ್ ರಿಪೇರಿಯವರು ಉತ್ತರ ಕೊಡುತ್ತಾರೆ. ಕೇಳಿದ್ದನ್ನೇ ಕೇಳಬೇಡಿ.

ಹಾಸನ ಬೇಸ್: ಸರ್, ನನ್ನದು ಎಂಬತ್ತರ ದಶಕದ ಜಪಾನ್ ಬೇಸ್, ಕಪ್ಪು ಬಣ್ಣ. ಪೇಂಟ್ ರಿಮೂವರ್ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಒಂದು ಗುಳ್ಳೆಯೂ ಎದ್ದಿಲ್ಲ.

ರಿಪೇರಿಯವರು: ಹಾಗಾದರೆ ಅದು ಪಾಲಿಯೆಸ್ಟರ್ ಬಣ್ಣ ಇರಬೇಕು, ರಿಮೂವರ್‌ಗೆ ಜಗ್ಗುವುದಿಲ್ಲ. ರಿಮೂವರ್ ಪೂರ್ತಿ ಒರೆಸಿ, ಒಣಗಿದ ಮೇಲೆ ಹೀಟ್ ಗನ್ ಹಿಡಿಯಿರಿ. ಒಂದೇ ಕಡೆ ನಿಲ್ಲಿಸಬೇಡಿ, ಮರ ಸುಡುತ್ತದೆ. ಬಣ್ಣ ಮೆತ್ತಗಾದಾಗ ಮೂಲೆ ಉಜ್ಜಿದ ಸ್ಕ್ರೇಪರ್ ತೂರಿಸಿದರೆ ಹಪ್ಪಳದ ಹಾಗೆ ಏಳುತ್ತದೆ. ಅದಕ್ಕೂ ಮೊದಲು ಪಿಕಪ್ (ತಂತಿಯ ನಡುಕ ಹಿಡಿಯುವ ಭಾಗ) ಕೂರುವ ಗುಂಡಿಯೊಳಗೆ ಇಣುಕಿ ನೋಡಿ. ಪದರ ಪದರ ಕಂಡರೆ ಪ್ಲೈವುಡ್, ಅಲ್ಲಿಗೇ ಬಿಡಿ. ಬಾಸ್‌ವುಡ್ ಮರವಾದರೆ ಎಳೆಯೇ ಕಾಣಿಸುವುದಿಲ್ಲ. ಕಪ್ಪು ಬಣ್ಣದ ಕೆಳಗೆ ಕಾರ್ಖಾನೆಯವರು ಚೆಂದದ ಮರ ಇಡುವುದು ಕಡಿಮೆ.

ಕುಡ್ಲ ಗ್ರೂವ್: ಇನ್ನೊಂದು ಗ್ರೂಪಿನಲ್ಲಿ ಬಂದಿದ್ದು: "ಬಿಸಿ ನೀರಿಗೆ ಕಾಸ್ಟಿಕ್ ಸೋಡಾ ಹಾಕಿ ಬಾಡಿ ಮುಳುಗಿಸಿ, ಎಂಥಾ ಬಣ್ಣ ಆದರೂ ಬಿಡುತ್ತದೆ." ಮಾಡಬಹುದಾ?

ರಿಪೇರಿಯವರು: ಬೇಡ. ಕಾಸ್ಟಿಕ್ ಮರವನ್ನು ಕಪ್ಪಾಗಿಸುತ್ತದೆ, ಕೈ ಕಣ್ಣು ಸುಡುತ್ತದೆ. ಬಾಡಿ ಎರಡು ಮೂರು ತುಂಡು ಅಂಟಿಸಿ ಮಾಡಿದ್ದು. ಬಿಸಿ ನೀರಲ್ಲಿ ನೆನೆದರೆ ಜೋಡಣೆ ಬಾಯಿ ಬಿಡುತ್ತದೆ. ಇಂಥದ್ದನ್ನು ಪರೀಕ್ಷೆ ಮಾಡದೆ ಮುಂದಕ್ಕೆ ಕಳಿಸಬೇಡಿ.

ತುಮಕೂರು ಫ್ರೆಟ್: ಬ್ರೇಕ್ ಆಯಿಲ್ ಹಚ್ಚಿದರೆ?

ರಿಪೇರಿಯವರು: ಬೇಡ. ಮರದೊಳಗೆ ಇಳಿದರೆ ಮೇಲೆ ಯಾವ ಪಾಲಿಷೂ ಸರಿಯಾಗಿ ಹಿಡಿಯುವುದಿಲ್ಲ.

ಮೈಸೂರು ಲೋ-ಇ: ನಮ್ಮ ದೊಡ್ಡಪ್ಪ ಅಮೆರಿಕದಿಂದ ತಂದ ಫೆಂಡರ್ ಪ್ರಿಸಿಷನ್ ಬೇಸ್ ಇದೆ, 1965ರದ್ದು ಅಂತಾರೆ. ಕೆಂಪು ಬಣ್ಣ, ತುಂಬಾ ಸವೆದಿದೆ. ಕೈ ಊರುವ ಕಡೆ ಕೆಂಪು ಹೋಗಿ ಕೆಳಗೆ ಕಂದು, ಹಳದಿ ಕಾಣುತ್ತಿದೆ. ಭಾನುವಾರ ಉಜ್ಜಿ ಮರಕ್ಕೆ ತರೋಣ ಅಂತಿದ್ದೇನೆ. ಎಷ್ಟನೇ ನಂಬರ್ ಸ್ಯಾಂಡ್ ಪೇಪರ್ ಒಳ್ಳೇದು?

ರಿಪೇರಿಯವರು: ಯಾವ ನಂಬರೂ ಬೇಡ. ದಯವಿಟ್ಟು ಭಾನುವಾರದ ಕೆಲಸ ನಿಲ್ಲಿಸಿ, ಇದನ್ನು ಪೂರ್ತಿ ಓದಿ.

ಕೆಂಪಿನ ಕೆಳಗೆ ಕಂದು, ಹಳದಿ ಅಂದರೆ ಅದು ಸನ್‌ಬರ್ಸ್ಟ್ ಇರಬಹುದು, ಅಂದರೆ ನಡುವೆ ಹಳದಿ, ಅಂಚಿಗೆ ಹೋದಂತೆ ಕಪ್ಪಾಗುವ ಬಣ್ಣ. ಆ ಕಾಲದಲ್ಲಿ ಫೆಂಡರ್ ಕಾರ್ಖಾನೆಯಲ್ಲೇ ಕೆಲವು ಸನ್‌ಬರ್ಸ್ಟ್ ಬಾಡಿಗಳ ಮೇಲೆ ಕಾರಿನ ಬಣ್ಣ ಹೊಡೆದು ಕಸ್ಟಮ್ ಕಲರ್ ಅಂತ ಮಾರಿದ್ದಾರೆ. ನಿಮ್ಮದು ಅಂಥದ್ದಾಗಿದ್ದರೆ ಬಣ್ಣ ಉಜ್ಜಿದ ದಿನವೇ ಬೆಲೆಯ ದೊಡ್ಡ ಪಾಲು ಹೋಯಿತು. ವಾಪಸ್ ತರಲಿಕ್ಕೆ ಆಗುವುದಿಲ್ಲ. ಆಮೇಲೆ ಯಾರೋ ಕೆಂಪು ಹೊಡೆಸಿದ್ದರೂ, ಕೆಳಗಿನ ಮೂಲ ಸನ್‌ಬರ್ಸ್ಟ್ ಉಳಿದಿದ್ದರೆ ಅದಕ್ಕೂ ಬೆಲೆ ಇದೆ.

ಹೀಗೆ ನೋಡಿ. ತಂತಿ ಸಡಿಲಿಸಿ ನೆಕ್ (ಬೇಸ್‌ನ ಉದ್ದನೆಯ ಕತ್ತು) ಬಿಚ್ಚಿ. ಅದು ಕೂರುವ ಗುಳಿ, ಅಂದರೆ ಪಾಕೆಟ್‌ನಲ್ಲಿ ಕಾಗದದ ಚೂರು ಇದ್ದರೆ ಎತ್ತಿಡಿ, ಅದು ನೆಕ್ ಕೋನಕ್ಕೆ ಇಟ್ಟಿದ್ದು. ನೆಕ್ ಬುಡದಲ್ಲಿ ತಿಂಗಳು, ವರ್ಷದ ಮುದ್ರೆ ಇರಬೇಕು. ಆ ವರ್ಷಗಳಲ್ಲಿ ಬಾಡಿಯನ್ನು ಹಿಡಿದು ಬಣ್ಣ ಹೊಡೆಯಲು ಪಾಕೆಟ್‌ಗೆ ಒಂದು ಪಟ್ಟಿ ಬಿಗಿಯುತ್ತಿದ್ದರು. ಅದು ಕೂತಿದ್ದ ಜಾಗ ಬಣ್ಣವಿಲ್ಲದೆ ಬರಿ ಮರವಾಗಿ ಉಳಿದಿರಬೇಕು. ಅಲ್ಲಿ ಕೆಂಪು ತುಂಬಿದ್ದರೆ ಆಮೇಲೆ ಹೊಡೆಸಿದ್ದು ಅನ್ನುವ ಅನುಮಾನ ಬಲವಾಗುತ್ತದೆ. ಬಾಡಿಯ ಮೇಲಿನ ಪ್ಲಾಸ್ಟಿಕ್ ಹಲಗೆ (ಪಿಕ್‌ಗಾರ್ಡ್) ಎತ್ತಿ, ವಾಲ್ಯೂಮ್ ತಿರುಗಿಸುವ ಗುಬ್ಬಿಯ ಕೆಳಗಿನ ಪಾಟ್ ಬೆನ್ನು ನೋಡಿ. ಏಳು ಅಂಕಿ ಇದ್ದು 137ರಿಂದ ಶುರುವಾದರೆ ಸಿಟಿಎಸ್ ಕಂಪನಿಯದ್ದು. ಮುಂದಿನ ಎರಡು ಅಂಕಿ ವರ್ಷ, ಕೊನೆಯ ಎರಡು ವಾರ. 1376512 ಅಂದರೆ 1965ರ 12ನೇ ವಾರ. ಬೆಸುಗೆ ಮುಟ್ಟಬೇಡಿ. ಎಲ್ಲದರ ಫೋಟೋ ತೆಗೆಯಿರಿ.

ಹುಬ್ಬಳ್ಳಿ ಸ್ಲ್ಯಾಪ್: ಆಶ್ ಮರದ ರಂಧ್ರ ತುಂಬಲು ಹಾಕುವ ಗ್ರೇನ್ ಫಿಲ್ಲರ್ ನಮ್ಮ ಕಡೆ ಎಲ್ಲಿ ಸಿಗುತ್ತದೆ?

ಬೆಂಗಳೂರು ಫಂಕ್: ಬೇಸ್ ಇರುವುದು ನುಡಿಸಲಿಕ್ಕೆ, ಬೀರುವಿನಲ್ಲಿ ಇಡಲಿಕ್ಕಲ್ಲ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ತಮ್ಮ ರಿಕನ್‌ಬ್ಯಾಕರ್ ಬೇಸ್‌ನ ಬಣ್ಣ ಕಿತ್ತು ಮರಕ್ಕೆ ತರಲಿಲ್ಲವಾ? ಮರ ಉಸಿರಾಡಿದರೆ ಟೋನ್ ಬಿಚ್ಚಿಕೊಳ್ಳುತ್ತದೆ.

ಧಾರವಾಡ ಜಾಝ್: ಅವರು 1967ರಲ್ಲಿ ಅದರ ಮೇಲೆ ಬೇರೆ ಬಣ್ಣ ಹಾಕಿದ್ದರು. ಮೂಲ ಬಣ್ಣ ಆಗಲೇ ಮುಚ್ಚಿಹೋಗಿತ್ತು. ಮತ್ತೆ ಕಡಿದ ಮರ ಯಾವ ಉಸಿರಾಡುತ್ತದೆ? ಪಿಕಪ್ ಹಿಡಿಯುವುದು ತಂತಿಯ ನಡುಕ.

ಬೆಂಗಳೂರು ಫಂಕ್: ಕಿವಿ ಇದ್ದವರಿಗೆ ಗೊತ್ತಾಗುತ್ತದೆ.

ಧಾರವಾಡ ಜಾಝ್: ಕಣ್ಣು ಮುಚ್ಚಿ ಎರಡು ಬೇಸ್ ಗುರುತಿಸಿ ತೋರಿಸಿ, ಆಮೇಲೆ ಕಿವಿ ಮಾತಾಡೋಣ.

ರಿಪೇರಿಯವರು: ಇಬ್ಬರೂ ನಿಲ್ಲಿಸಿ. ಹೊಸ ತಂತಿ ಹಾಕಿದರೆ ಆಗುವಷ್ಟು ಬದಲಾವಣೆ ಬಣ್ಣ ಕಿತ್ತರೆ ಆಗುವುದಿಲ್ಲ.

ಫ್ರೀಮಾಂಟ್ ಕನ್ನಡಿಗ: ಗ್ಯಾರೇಜಿನಲ್ಲಿ ಹಳೇ ಡಬ್ಬ ಇತ್ತು, ಮೆಥಿಲೀನ್ ಕ್ಲೋರೈಡ್ ಇರುವ ರಿಮೂವರ್. ಹೊರಗೆ ಚಳಿ, ಅದಕ್ಕೆ ಬಾತ್‌ರೂಮಿನ ಬಾಗಿಲು ಹಾಕಿ ಹಚ್ಚುತ್ತಿದ್ದೇನೆ. ಸ್ವಲ್ಪ ತಲೆ ಸುತ್ತುತ್ತಿದೆ. ಮಾಸ್ಕ್ ಹಾಕಿದ್ದೇನೆ.

ರಿಪೇರಿಯವರು: ಈಗಲೇ ಹೊರಗೆ ಬನ್ನಿ. ಮನೆಯವರನ್ನೂ ಕರೆದುಕೊಂಡು ಬನ್ನಿ. ತುರ್ತು ನಂಬರಿಗೆ ಫೋನ್ ಮಾಡಿ ಏನು ಉಸಿರಾಡಿದಿರಿ ಅಂತ ಹೇಳಿ. ಅದು ಮೈಯೊಳಗೆ ಹೋಗಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ಬಾತ್‌ಟಬ್ ಬಣ್ಣ ಕೀಳುವವರು ಮುಚ್ಚಿದ ಬಾತ್‌ರೂಮಿನಲ್ಲೇ ಸತ್ತಿದ್ದಾರೆ. ನಿಮ್ಮ ಅಮೆರಿಕದಲ್ಲಿ 2019ರಲ್ಲೇ ಇದನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನು ನಿಲ್ಲಿಸಿದ್ದು ಇದಕ್ಕೇ. ಹೊರಗೆ ಬಂದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.

ಫ್ರೀಮಾಂಟ್ ಕನ್ನಡಿಗ: ಹೊರಗಿದ್ದೇವೆ. ಹೆಂಡತಿ ಫೋನ್ ಮಾಡುತ್ತಿದ್ದಾಳೆ.

ಕುಡ್ಲ ಗ್ರೂವ್: ನನ್ನ ಬೇಸ್‌ಗೆ ಇರುವುದು ನೈಟ್ರೋ (ನೈಟ್ರೋಸೆಲ್ಯುಲೋಸ್) ಲ್ಯಾಕರ್. ಹೀಟ್ ಗನ್ ನಡೆಯುತ್ತದಾ?

ರಿಪೇರಿಯವರು: ಇಲ್ಲ. ನೈಟ್ರೋ ಬೆಂಕಿ ಹಿಡಿಯುತ್ತದೆ. ಅದಕ್ಕೆ ಥಿನ್ನರ್ ಸಾಕು, ಬಯಲಲ್ಲಿ ಮಾಡಿ. ಅಂಚಿಗೆ ಪ್ಲಾಸ್ಟಿಕ್ ಪಟ್ಟಿ (ಬೈಂಡಿಂಗ್) ಇದ್ದರೆ ಅದಕ್ಕೆ ತಾಗಿಸಬೇಡಿ, ಕರಗುತ್ತದೆ. ಹೊಸದಾಗಿ ಎನ್‌ಸಿ ಲ್ಯಾಕರ್ (ಅದೂ ನೈಟ್ರೋನೇ) ಮಳೆಗಾಲದಲ್ಲಿ ಹೊಡೆದರೆ ಬಿಳಿ ಮಬ್ಬು ಕೂರುತ್ತದೆ. ಒಣಹವೆಗೆ ಕಾಯಿರಿ.

ತುಮಕೂರು ಫ್ರೆಟ್: ಬಾಡಿಯಲ್ಲಿ ಒಂದು ತಗ್ಗು ಬಿದ್ದಿದೆ, ಉಜ್ಜಿ ಸಮ ಮಾಡಲಾ?

ರಿಪೇರಿಯವರು: ಮರದ ಎಳೆ ತುಂಡಾಗಿಲ್ಲ ಅಂದರೆ ಉಜ್ಜಬೇಡಿ. ಬಣ್ಣ ತೆಗೆದ ಮೇಲೆ ತಗ್ಗಿನ ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆಯ ತುದಿ ಒತ್ತಿ. ಆವಿಗೆ ಎಳೆ ಉಬ್ಬಿ ಮೇಲೆ ಬರುತ್ತದೆ. ನೆಕ್ ಪಾಕೆಟ್ ಒಳಗೆ ಮಾತ್ರ ಯಾವತ್ತೂ ಉಜ್ಜಬೇಡಿ, ನೆಕ್ ಅಲ್ಲಾಡುತ್ತದೆ.

ಹಾಸನ ಬೇಸ್: ಕೊನೆಗೆ ಅಗಸೆ ಎಣ್ಣೆ ಹಚ್ಚಬಹುದಾ?

ರಿಪೇರಿಯವರು: ಹಚ್ಚಿ. ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಹರವಿ ಒಣಗಿಸಿ.

ಚಿತ್ರದುರ್ಗ ಬೀಟ್: ಕಾಸ್ಟಿಕ್ ಸೋಡಾ ಬಗ್ಗೆ ಯಾರಾದರೂ ಹೇಳಿ.

ರಿಪೇರಿಯವರು: ಮೇಲೆ ಓದಿ.

ಬೆಂಗಳೂರು ಫಂಕ್: ಕೇಳಿದವರಿಗೆಲ್ಲ ಬೇಡ ಬೇಡ ಅಂದರೆ ಈ ಪ್ರಶ್ನೋತ್ತರ ಯಾಕೆ?

ರಿಪೇರಿಯವರು: ಒಬ್ಬರು ಈಗ ತಾನೇ ಬಾತ್‌ರೂಮಿನಿಂದ ಹೊರಗೆ ಓಡಿ ಬಂದಿದ್ದಾರೆ. ಅದಕ್ಕೆ.

ಹುಬ್ಬಳ್ಳಿ ಸ್ಲ್ಯಾಪ್: ಗ್ರೇನ್ ಫಿಲ್ಲರ್ ಕೇಳಿದ್ದೆ.

ಮೈಸೂರು ಲೋ-ಇ: ಸರ್, ನೆಕ್ ಬಿಚ್ಚಿದೆ. ಪಾಕೆಟ್‌ನ ಒಂದು ಬದಿಯಲ್ಲಿ ಬೆರಳಗಲ ಬರಿ ಮರ. ಅದರ ಅಂಚಿನವರೆಗೂ ಕೆಂಪು ಬಂದು ನಿಂತಿದೆ. ಪಾಟ್ ಮೇಲೆ 13765 ಓದಲಿಕ್ಕಾಗುತ್ತದೆ, ಮುಂದಿನದು ಬೆಸುಗೆ ಕೆಳಗೆ.

ರಿಪೇರಿಯವರು: ಕಾಗದದ ಚೂರು ಇದ್ದಲ್ಲೇ ಇಟ್ಟು ನೆಕ್ ವಾಪಸ್ ಬಿಗಿಯಿರಿ. ಬಣ್ಣ ಮುಟ್ಟಬೇಡಿ. ಫೋಟೋ ನನಗೆ ನೇರವಾಗಿ ಕಳಿಸಿ, ಇಲ್ಲಿ ಹಾಕಬೇಡಿ.