ಅನುದಾನರಹಿತ ಶಾಲೆಯ ಶಿಕ್ಷಕಿಗೆ ಸಂಬಳ ನಿಂತಾಗ ಕೈಹಿಡಿಯುವ ವಿಮೆ ಯಾವುದು?

ಪ್ರಶ್ನೆ: ಬದಿಯಡ್ಕದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಅನುದಾನರಹಿತ ಶಾಲೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಪ್ರಾಯ 38, ತಿಂಗಳ ಸಂಬಳ 16,500 ರೂಪಾಯಿ. ಕಳೆದ ಮಳೆಗಾಲದಲ್ಲಿ ಸ್ವರ ಒಡೆಯತೊಡಗಿದಾಗ ಶೀತವಿರಬೇಕೆಂದುಕೊಂಡು ಎರಡು ತಿಂಗಳನ್ನು ಕಷಾಯದಲ್ಲೇ ಕಳೆದೆ. ಕೊನೆಗೆ ಮಂಗಳೂರಿಗೆ ಹೋಗಿ ತೋರಿಸಿದಾಗ, ಧ್ವನಿತಂತುಗಳಲ್ಲಿ ಸಣ್ಣ ಗಂಟುಗಳಾಗಿವೆ, ಐದು ವಾರ ತರಗತಿಗೆ ಹೋಗಲೇಬಾರದು, ಮೊದಲ ವಾರ ಪಿಸುಮಾತೂ ಬೇಡ ಎಂದು ವೈದ್ಯರು ಹೇಳಿದರು. ಆ ವಾರವಿಡೀ ಮಗಳ ಹಳೆಯ ಸ್ಲೇಟಿನಲ್ಲಿ ಬರೆದು ತೋರಿಸಿಯೇ ಮನೆಯ ವ್ಯವಹಾರ ನಡೆಸಿದೆ. ಶಾಲೆಯಲ್ಲಿ ನಮಗಿರುವುದು ವರ್ಷಕ್ಕೆ 12 ಸಾಂದರ್ಭಿಕ ರಜೆಗಳು ಮಾತ್ರ. ಅವು ಮುಗಿದ ಮೇಲಿನ ದಿನಗಳ ಸಂಬಳವನ್ನು ಕಡಿದುಕೊಂಡರು. ಅದೇ ವರ್ಷ ತೋಟಕ್ಕೆ ಕೊಳೆರೋಗ ಬಂದು ಅಡಿಕೆಯೂ ಕೈಕೊಟ್ಟಿದ್ದರಿಂದ, ಸೊಸೈಟಿ ಸಾಲದ ಎರಡು ಕಂತುಗಳನ್ನು ತಮ್ಮನಲ್ಲಿ ಕೇಳಿ ಕಟ್ಟಬೇಕಾಯಿತು.

ಈಗ ಪರಿಚಯದ ಏಜೆಂಟರೊಬ್ಬರು ವರ್ಷಕ್ಕೆ 24,000 ರೂಪಾಯಿಯ ಪಾಲಿಸಿಯೊಂದನ್ನು ತಂದು, ಇದು ಆದಾಯ ರಕ್ಷಣೆಯ ಪಾಲಿಸಿ, ನಿಮ್ಮಂಥವರಿಗೆಂದೇ ಇರುವುದು ಎನ್ನುತ್ತಿದ್ದಾರೆ. ಅರ್ಜಿ ನಮೂನೆ ಇಂಗ್ಲಿಷಿನಲ್ಲಿದೆ. ನನಗೆ ಇನ್ನೊಮ್ಮೆ ಸ್ವರ ಹೋದರೆ ಇದರಿಂದ ತಿಂಗಳ ಹಣ ಬರುತ್ತದೆಯೇ ಎಂದು ಕೇಳಿದರೆ, ಎಲ್ಲ ಬರುತ್ತದೆ ಎಂಬ ಒಂದೇ ಉತ್ತರ. ಶಿಕ್ಷಕರಿಗೆ ಹೊಂದುವ ಇಂಥ ವಿಮೆ ನಿಜಕ್ಕೂ ಇದೆಯೇ? ಇದ್ದರೆ ಆಯ್ದುಕೊಳ್ಳುವಾಗ ಏನನ್ನು ನೋಡಬೇಕು?

ಉತ್ತರ 1: ನಿವೃತ್ತ ಮುಖ್ಯೋಪಾಧ್ಯಾಯ, ಕುಂಬಳೆ

ಟೀಚರರೇ, ನಾನು ಅನುದಾನಿತ ಶಾಲೆಯಲ್ಲಿದ್ದವನಾದ್ದರಿಂದ ನಿಮ್ಮ ಕಷ್ಟ ನನಗೆ ಬರಲಿಲ್ಲ. ಕೇರಳ ಸೇವಾ ನಿಯಮಗಳ ಪ್ರಕಾರ ನಮಗೆ ಪ್ರತಿ ಪೂರ್ಣ ವರ್ಷದ ಸೇವೆಗೆ 20 ದಿನಗಳ ಅರ್ಧ ವೇತನ ರಜೆ ಜಮೆಯಾಗುತ್ತಿತ್ತು; ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ಅದನ್ನು ಪೂರ್ಣ ವೇತನದ ರಜೆಯಾಗಿ ಪರಿವರ್ತಿಸಿಕೊಳ್ಳುವ ಅವಕಾಶವೂ ಇತ್ತು. ನಮಗೆ ಆದಾಯ ರಕ್ಷಣೆಯೆಂದರೆ ಆ ರಜೆಯ ಲೆಕ್ಕವೇ ಆಗಿತ್ತು. ಇದನ್ನು ಹೇಳುವುದಕ್ಕೆ ಕಾರಣವೆಂದರೆ, ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿರುವ ಕೆಲವು ಕಿರಿಯ ಮಿತ್ರರು 2022ರ ಜುಲೈಯಲ್ಲಿ ಆರಂಭವಾದ ಮೆಡಿಸೆಪ್ ಎಂಬ ಸರಕಾರಿ ಆರೋಗ್ಯ ವಿಮೆ ಇದ್ದ ಮೇಲೆ ಬೇರೇನೂ ಬೇಡವೆಂದು ತಿಳಿದಿದ್ದಾರೆ. ಮೆಡಿಸೆಪ್ ಭರಿಸುವುದು ಆಸ್ಪತ್ರೆಯ ಖರ್ಚನ್ನೇ ಹೊರತು ಸಂಬಳವನ್ನಲ್ಲ. ರಜೆಯನ್ನೆಲ್ಲ ಮೊದಲೇ ಕಳೆದುಕೊಂಡವರಿಗೆ ಸಂಬಳರಹಿತ ರಜೆಯೇ ಗತಿ. ನಿಮ್ಮ ಪ್ರಶ್ನೆಗೆ ಉತ್ತರ ಬಲ್ಲವರು ಬೇರೆಯವರು; ಅವರು ಹೇಳಲಿ.

ಉತ್ತರ 2: ವಿಮಾ ಕ್ಷೇತ್ರದಲ್ಲಿ ದುಡಿದವರು, ಉಪ್ಪಳ

ಮೊದಲಿಗೆ ಆ ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಬ್ರಿಟನ್ನಿನಂಥ ದೇಶಗಳಲ್ಲಿ ಆದಾಯ ರಕ್ಷಣೆಯ ವಿಮೆ ಎಂದರೆ, ಯಾವ ಕಾಯಿಲೆಯೇ ಆಗಲಿ, ಕೆಲಸ ಮಾಡಲಾಗದಿರುವಷ್ಟು ಕಾಲ ಸಂಬಳದ ಒಂದು ಭಾಗವನ್ನು ತಿಂಗಳು ತಿಂಗಳು ಕೊಡುವ ಪಾಲಿಸಿ. ನಮ್ಮಲ್ಲಿ ಅದೇ ಹೆಸರಿನಲ್ಲಿ ಮಾರಾಟವಾಗುವುದು ಹೆಚ್ಚಾಗಿ ಜೀವವಿಮೆ. ವಿಮೆ ಮಾಡಿಸಿದವರು ತೀರಿಕೊಂಡರೆ ಮನೆಯವರಿಗೆ ಇಡಿಗಂಟಿನ ಬದಲು ತಿಂಗಳ ಕಂತಿನಲ್ಲಿ ಹಣ ಬರುತ್ತದೆ ಎಂಬುದಷ್ಟೇ ಅಲ್ಲಿನ ‘ಆದಾಯ’. ವರ್ಷಕ್ಕೆ 24,000 ರೂಪಾಯಿ ಎಂಬುದನ್ನು ನೋಡಿದರೆ ಅದರಲ್ಲಿ ಉಳಿತಾಯದ ಭಾಗವೂ ಸೇರಿರುವಂತೆ ಕಾಣುತ್ತದೆ. ನೀವು ಬದುಕಿದ್ದು ಸ್ವರ ಮಾತ್ರ ಹೋದರೆ ಅದು ಒಂದು ಪೈಸೆಯನ್ನೂ ಕೊಡುವ ಸಾಧ್ಯತೆಯಿಲ್ಲ. ಸ್ವರಕ್ಕೆ ಹಣ ಬರುವುದಾದರೆ ಪಾಲಿಸಿಯ ಯಾವ ಪುಟದಲ್ಲಿದೆ ಎಂದು ಏಜೆಂಟರನ್ನು ಕೇಳಿ, ಬೆರಳಿಟ್ಟು ತೋರಿಸಲಿ.

ಮಾರುಕಟ್ಟೆಯಲ್ಲಿ ಇದಕ್ಕೆ ಹತ್ತಿರವಾದವು ಮೂರಿವೆ. ಗಂಭೀರ ಕಾಯಿಲೆಯ ಪಾಲಿಸಿ ಒಂದು. ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ಡಯಾಲಿಸಿಸ್ ಬೇಕಾಗುವಂಥ ಮೂತ್ರಪಿಂಡ ವೈಫಲ್ಯ ಮೊದಲಾದವು ಪತ್ತೆಯಾದಾಗ ಅದು ಇಡಿಗಂಟು ಕೊಡುತ್ತದೆ. ಸಾಮಾನ್ಯವಾಗಿ ಮೊದಲ 90 ದಿನಗಳಲ್ಲಿ ಕಾಣಿಸಿದ ಕಾಯಿಲೆಗೆ ಕೊಡುವುದಿಲ್ಲ. ‘ಮಾತಿನ ನಷ್ಟ’ ಎಂಬುದೂ ಇಂಥ ಹಲವು ಪಾಲಿಸಿಗಳ ಪಟ್ಟಿಯಲ್ಲಿದೆ, ಅದನ್ನೇ ತೋರಿಸಿ ಶಿಕ್ಷಕರಿಗೆ ಮಾರುವವರೂ ಇದ್ದಾರೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರ ಅದಕ್ಕೆ ಕೊಟ್ಟಿರುವ ವ್ಯಾಖ್ಯೆಯನ್ನು ಓದಿ ನೋಡಿ: ಧ್ವನಿತಂತುಗಳ ಗಾಯ ಅಥವಾ ರೋಗದಿಂದ ಮಾತಾಡುವ ಶಕ್ತಿ ಸಂಪೂರ್ಣವಾಗಿ, ಮರಳಿ ಬಾರದಂತೆ ಹೋಗಿರಬೇಕು, ಆ ಸ್ಥಿತಿ ಸತತ 12 ತಿಂಗಳು ಇತ್ತೆಂದು ತಜ್ಞರ ದಾಖಲೆಗಳಿಂದ ಸಾಬೀತಾಗಬೇಕು. ತರಗತಿಯಲ್ಲಿ ಕೂಗಿ ಕೂಗಿ ಗಂಟಾಗಿ, ವಿಶ್ರಾಂತಿಯಿಂದ ಗುಣವಾಗುವ ಸ್ವರ ಇದರ ಹತ್ತಿರಕ್ಕೂ ಬರುವುದಿಲ್ಲ. ಎರಡನೆಯದಾದ ಆಸ್ಪತ್ರೆಯ ದಿನಭತ್ಯೆಯ ಪಾಲಿಸಿ ಒಳರೋಗಿಯಾಗಿದ್ದ ದಿನಗಳಿಗೆ ಮಾತ್ರ. ನೀವು ದಾಖಲಾಗಲೇ ಇಲ್ಲ.

ಮೂರನೆಯದು ಅಪಘಾತ ವಿಮೆ. ಇದು ಸಸಾರ, ಮಾಡಿಸಿಕೊಳ್ಳಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ನಿಮಗೆ ಈಗಾಗಲೇ ಇರಬಹುದು. ಆದರೆ ಅದು ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಕಾಲು ಮುರಿದು ಎರಡು ತಿಂಗಳು ಮಲಗಿದರೆ ಏನೂ ಬಾರದು. 2021ರ ಏಪ್ರಿಲ್‌ನಿಂದ ಸರಲ್ ಸುರಕ್ಷಾ ಬಿಮಾ ಎಂಬ ಒಂದೇ ನಮೂನೆಯ ಅಪಘಾತ ಪಾಲಿಸಿ ಬಂದಿದೆ. ಅದರಲ್ಲಿ ತಾತ್ಕಾಲಿಕ ಪೂರ್ಣ ಅಸಾಮರ್ಥ್ಯ ಎಂಬ ಐಚ್ಛಿಕ ಭಾಗವನ್ನು ಕೇಳಿ ಸೇರಿಸಿಕೊಳ್ಳಬೇಕು. ಆಗ ಕೆಲಸಕ್ಕೆ ಮರಳುವ ತನಕ, ಹೆಚ್ಚೆಂದರೆ 100 ವಾರ, ವಾರಕ್ಕೆ ವಿಮಾ ಮೊತ್ತದ ಶೇಕಡಾ 0.2 ಸಿಗುತ್ತದೆ. ನಿಮ್ಮ ಸಂಬಳ ವಾರಕ್ಕೆ ಸುಮಾರು 3,800 ರೂಪಾಯಿಯಾದ್ದರಿಂದ 20 ಲಕ್ಷದ ಪಾಲಿಸಿ ವಾರಕ್ಕೆ 4,000 ಕೊಟ್ಟು ಅದನ್ನು ಸರಿದೂಗಿಸುತ್ತದೆ. ಅಷ್ಟು ಮೊತ್ತಕ್ಕೆ ಕಂಪೆನಿ ಆದಾಯದ ದಾಖಲೆ ಕೇಳಬಹುದು. ಇದೂ ಅಪಘಾತಕ್ಕಷ್ಟೇ, ಕಾಯಿಲೆಗಲ್ಲ.

ಹಾಗಾಗಿ ನಿಮ್ಮ ನಿಜವಾದ ಭಯಕ್ಕೆ, ಅಂದರೆ ಸ್ವರಕ್ಕೆ, ಅಂಗಡಿಯಲ್ಲಿ ಮದ್ದಿಲ್ಲ ಎಂದೇ ಹೇಳಬೇಕಾಗುತ್ತದೆ.

ಉತ್ತರ 3: ಗಣಿತ ಶಿಕ್ಷಕ, ಮುಳ್ಳೇರಿಯ

ಉಪ್ಪಳದ ಹಿರಿಯರು ಹೇಳಿದ್ದೆಲ್ಲ ಸರಿಯೇ, ಆದರೆ ಅಂಗಡಿಯ ಹೊರಗಿರುವುದೊಂದು ಬಿಟ್ಟುಹೋಗಿದೆ. ಟೀಚರ್, ನಿಮ್ಮ ಸಂಬಳದ ಚೀಟಿಯಲ್ಲಿ ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆ, ಎಂಬ ಸಾಲು ಇದೆಯೇ? ಕಾರ್ಖಾನೆಯವರಿಗೆ ಮಾತ್ರ ಎಂದುಕೊಂಡು ನಾವು ಅದನ್ನು ವಿಚಾರಿಸುವುದೇ ಇಲ್ಲ. ಕೇರಳದಲ್ಲಿ ಖಾಸಗಿ ಶಿಕ್ಷಣ ಸಂಸ್ಥೆಗಳನ್ನೂ ಸರಕಾರ ಅಧಿಸೂಚನೆಯ ಮೂಲಕ ಆ ಯೋಜನೆಗೆ ಒಳಪಡಿಸಿದೆ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿರುವವರಿಗೆ ಅದು ಅನ್ವಯಿಸುತ್ತದೆ. ನಮ್ಮ ಸಂಬಳದಿಂದ ಶೇಕಡಾ 0.75, ಆಡಳಿತ ಮಂಡಳಿಯಿಂದ ಶೇಕಡಾ 3.25. ನಿಮ್ಮ ಲೆಕ್ಕದಲ್ಲಿ ನೀವು ಕೊಡುವುದು ತಿಂಗಳಿಗೆ 124 ರೂಪಾಯಿ.

ಎರಡು ವರ್ಷಗಳ ಹಿಂದೆ ಒಂದು ಆದಿತ್ಯವಾರ ಮನೆಯ ಅಂಗಳದ ಪಾಚಿಯಲ್ಲಿ ಜಾರಿ ನನ್ನ ಪಾದದ ಗಂಟಿನ ಎಲುಬು ಮುರಿಯಿತು. ಪ್ಲಾಸ್ಟರ್ ಹಾಕಿ ಏಳು ವಾರ ಮನೆಯಲ್ಲಿದ್ದೆ. ಇ.ಎಸ್.ಐ. ಚಿಕಿತ್ಸಾಲಯದ ವೈದ್ಯರು ವಿಶ್ರಾಂತಿಯ ಪ್ರಮಾಣಪತ್ರವನ್ನು ಒಮ್ಮೆಗೇ ಬರೆದುಕೊಡದೆ ಕಂತುಕಂತಾಗಿ ಕೊಟ್ಟರು. ತಮ್ಮನ ಆಟೋದಲ್ಲಿ ಕಾಲು ಚಾಚಿ ಕುಳಿತು ಪ್ರತಿ ಸಲವೂ ಹೋಗಿ ತರಬೇಕಾಯಿತು. ಅದು ಕಿರಿಕಿರಿಯೇ. ಆದರೆ ದಿನದ ಸರಾಸರಿ ಸಂಬಳದ ಶೇಕಡಾ 70ರ ಲೆಕ್ಕದಲ್ಲಿ ಹಣ ಬ್ಯಾಂಕ್ ಖಾತೆಗೆ ಬಂತು. ವರ್ಷಕ್ಕೆ 91 ದಿನಗಳವರೆಗೆ ಹೀಗೆ ಸಿಗುತ್ತದೆ. ಸಂಬಳ 16,500 ಆದರೆ ದಿನಕ್ಕೆ ಸುಮಾರು 385 ರೂಪಾಯಿ. ಶಾಲೆಗೆ ಹೋಗಿಬರುವ ದಾರಿಯಲ್ಲಿ ಬಿದ್ದಿದ್ದರೆ ಅದನ್ನು ಕೆಲಸದ ಗಾಯವೆಂದೇ ಪರಿಗಣಿಸಿ ಶೇಕಡಾ 90 ಕೊಡುತ್ತಿದ್ದರಂತೆ. ನಾನು ಅಂಗಳವನ್ನು ಆಯ್ದುಕೊಂಡೆ!

ಮುಖ್ಯವಾದ ಮಾತೆಂದರೆ ಇಲ್ಲಿ ಕಾಯಿಲೆಗಳ ಪಟ್ಟಿಯಿಲ್ಲ. ವೈದ್ಯರು ಕೆಲಸಕ್ಕೆ ಹೋಗಬಾರದೆಂದು ಪ್ರಮಾಣೀಕರಿಸಿದರೆ ಸಾಕು, ಕಾಲಾದರೂ ಸರಿ, ಸ್ವರವಾದರೂ ಸರಿ. ಷರತ್ತು ವಂತಿಗೆಯದ್ದು. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂಬ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಕಟ್ಟಿರಬೇಕು. ಅದರ ಫಲ ಸಿಗುವುದು ಅವಧಿ ಮುಗಿದು ಮೂರು ತಿಂಗಳ ಬಳಿಕ. ಆದ್ದರಿಂದ ಕಾಯಿಲೆ ಬಂದ ಮೇಲೆ ಹೆಸರು ಸೇರಿಸಿ ಪ್ರಯೋಜನವಿಲ್ಲ.

ಮರುಪ್ರಶ್ನೆ: ಬದಿಯಡ್ಕದ ಶಿಕ್ಷಕಿ

ಮಾಷ್ಟ್ರೇ, ನಿಮ್ಮ ಉತ್ತರ ಓದಿ ಇಂದೇ ಕಪಾಟಿನಿಂದ ಹಳೆಯ ಚೀಟಿಗಳನ್ನು ತೆಗೆದು ನೋಡಿದೆ. ಭವಿಷ್ಯನಿಧಿಯ ಸಾಲಿದೆ, ಇ.ಎಸ್.ಐ. ಸಾಲೂ ಇದೆ! ಪ್ರತಿ ತಿಂಗಳೂ 124 ರೂಪಾಯಿ ಕಡಿತವಾಗುತ್ತಲೇ ಇತ್ತು. ಅದೇನೋ ತೆರಿಗೆಯೆಂದು ನಾನೂ ಕೇಳಲಿಲ್ಲ, ಐದು ವಾರ ರಜೆ ಹಾಕಿದಾಗ ಕಚೇರಿಯವರೂ ಹೇಳಲಿಲ್ಲ. ಆ ಐದು ವಾರಗಳದ್ದು ಇನ್ನು ಸಿಕ್ಕೀತೇ? ಮತ್ತೆ, ಅಪಘಾತ ವಿಮೆಯ ಅರ್ಜಿಯಲ್ಲಿ ಗಂಟಲಿನ ವಿಷಯ ಬರೆಯಬೇಡಿ, ನಾನೇ ತುಂಬಿಸುತ್ತೇನೆ ಎಂದು ಏಜೆಂಟರು ಹೇಳುತ್ತಿದ್ದಾರೆ. ಸರಿಯೇ?

ಉತ್ತರ 4: ಗಣಿತ ಶಿಕ್ಷಕ, ಮುಳ್ಳೇರಿಯ

ಮಂಗಳೂರಿನ ವೈದ್ಯರ ಚೀಟಿ, ಶಾಲೆಯ ರಜೆಯ ದಾಖಲೆ, ಬ್ಯಾಂಕ್ ಪುಸ್ತಕಗಳನ್ನು ಹಿಡಿದು ಇ.ಎಸ್.ಐ. ಶಾಖಾ ಕಚೇರಿಗೆ ಹೋಗಿ, ಲಿಖಿತವಾಗಿ ಕೇಳಿ. ಖಾಸಗಿ ವೈದ್ಯರ ಪ್ರಮಾಣಪತ್ರವನ್ನು ಒಪ್ಪುವುದು ಅವರ ಪರಿಶೀಲನೆಗೆ ಬಿಟ್ಟದ್ದು, ಹಾಗಾಗಿ ಬಂದೇಬರುತ್ತದೆ ಎನ್ನಲಾರೆ. ಮೊದಲು ಶಾಲೆಯ ಕಚೇರಿಯಿಂದ ನಿಮ್ಮ ಹತ್ತು ಅಂಕಿಗಳ ವಿಮಾ ಸಂಖ್ಯೆಯನ್ನು ಪಡೆದುಕೊಳ್ಳಿ. ಅದಿಲ್ಲದೆ ಅಲ್ಲಿ ಮಾತು ಮುಂದುವರಿಯುವುದಿಲ್ಲ.

ಉತ್ತರ 5: ವಿಮಾ ಕ್ಷೇತ್ರದಲ್ಲಿ ದುಡಿದವರು, ಉಪ್ಪಳ

ಇ.ಎಸ್.ಐ. ನೆನಪಾಗದಿದ್ದುದು ನನ್ನ ತಪ್ಪು; ಕಮಿಷನ್ ಇಲ್ಲದ ವಿಮೆ ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ಅರ್ಜಿಯ ವಿಷಯಕ್ಕೆ ಬರುತ್ತೇನೆ. ಕಾಯಿಲೆಯ ಬಗ್ಗೆ ಪ್ರಶ್ನೆಯಿದ್ದರೆ ಗಂಟಲಿನ ಗಂಟನ್ನು ದಿನಾಂಕ ಸಹಿತ ನೀವೇ ಬರೆಯಿರಿ. ಏಜೆಂಟರು ತುಂಬಿಸಿದರೂ ಸಹಿ ನಿಮ್ಮದು, ಮುಚ್ಚಿಟ್ಟದ್ದಕ್ಕೆ ಹೊಣೆಯೂ ನಿಮ್ಮದೇ. ನೀವು ಕನ್ನಡದಲ್ಲಿ ಸಹಿ ಹಾಕಿದರೆ, ಅರ್ಜಿಯಲ್ಲಿರುವುದನ್ನು ನಿಮ್ಮ ಭಾಷೆಯಲ್ಲಿ ವಿವರಿಸಲಾಗಿದೆ ಎಂಬ ಘೋಷಣೆಗೆ ಇನ್ನೊಬ್ಬರ ಸಹಿ ಕೇಳುತ್ತಾರೆ. ನಮ್ಮ ಕಡೆ ಅದನ್ನು ಓದದೆಯೇ ಹಾಕಿಸಿಬಿಡುವ ರೂಢಿಯಿದೆ. ಮುಂದೆ ತಕರಾರಾದಾಗ ಕಂಪೆನಿ ಎದುರಿಗಿಡುವ ಮೊದಲ ಕಾಗದ ಅದೇ. ನಿಜವಾಗಿಯೂ ಪ್ರತಿಯೊಂದು ಪ್ರಶ್ನೆಯನ್ನೂ ಓದಿ ಹೇಳಿಸಿಕೊಂಡ ಮೇಲೆಯೇ ಆ ಜಾಗದಲ್ಲಿ ಸಹಿ ಆಗಲಿ, ಅರ್ಜಿಯ ಎಲ್ಲ ಪುಟಗಳ ಫೋಟೋ ನಿಮ್ಮ ಮೊಬೈಲಿನಲ್ಲಿರಲಿ. ಆ 24,000ದ ಪಾಲಿಸಿಗೆ ಈಗಾಗಲೇ ಸಹಿ ಮಾಡಿದ್ದರೆ, ದಾಖಲೆ ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸುವ ಹಕ್ಕು ನಿಮಗಿದೆ. ವೈದ್ಯಕೀಯ ತಪಾಸಣೆ, ಮುದ್ರಾಂಕ ಮತ್ತು ಕಳೆದ ದಿನಗಳ ವಿಮೆಯ ವೆಚ್ಚವನ್ನು ಮಾತ್ರ ಕಳೆದು ಉಳಿದದ್ದನ್ನು ಮರಳಿಸಬೇಕು.