ಸಹಾಯ ಬೇಕು: ಲುಬೊಕ್ ಅಂತುವಿನ ಇಬಾನ್ ನೇಯ್ಗೆ ನೋಡುವ ಬಗ್ಗೆ

ಗುಂಪಿನ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ಜೂನ್ 1ರ ಗವಾಯ್ ದಯಾಕ್ ಸುಗ್ಗಿಹಬ್ಬದ ವೇಳೆಗೆ ಮಲೇಷ್ಯಾದ ಸಾರವಾಕ್ ರಾಜ್ಯದ ಲುಬೊಕ್ ಅಂತು ಎಂಬ ಸಣ್ಣ ಊರಿಗೆ ಹೋಗಬೇಕೆಂದಿದ್ದೇನೆ. ಇಂಡೊನೇಷ್ಯಾದ ಗಡಿಗೆ ಅಂಟಿಕೊಂಡಿರುವ, ಇಬಾನ್ ಎಂಬ ಬುಡಕಟ್ಟಿನ ಜನರೇ ಹೆಚ್ಚಾಗಿರುವ ಅದೇ ಹೆಸರಿನ ಜಿಲ್ಲೆಯಲ್ಲಿ, 1985ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ಬತಾಂಗ್ ಆಯ್ ಅಣೆಕಟ್ಟಿಗಾಗಿ ಅನೇಕ ಉದ್ದಮನೆಗಳ (ಒಂದೇ ಸೂರಿನಡಿ ಹಲವು ಕುಟುಂಬಗಳು ವಾಸಿಸುವ ಮನೆಗಳ) ಜನ ನೆಲೆ ಬಿಟ್ಟು ಬೇರೆಡೆ ಹೋಗಬೇಕಾಯಿತು. ಶರಾವತಿಯ ಮುಳುಗಡೆ ಕಂಡ ಮನೆತನದವಳಾದ ನನಗೆ ಇದು ದೂರದ ಸುದ್ದಿಯೆನಿಸುವುದಿಲ್ಲ.

ನನ್ನ ಆಸಕ್ತಿ ಅಲ್ಲಿನ ಹೆಂಗಸರು ನೇಯುವ ಪುವಾ ಕುಂಬು ಬಟ್ಟೆಯಲ್ಲಿದೆ. ಹಾಸಿನ ನೂಲನ್ನು ಅಲ್ಲಲ್ಲಿ ಬಿಗಿಯಾಗಿ ಕಟ್ಟಿ, ನೋನಿ ಬೇರಿನ ಕೆಂಪು ಬಣ್ಣದಲ್ಲಿ ಅದ್ದಿ, ಸೊಂಟಕ್ಕೆ ಬಿಗಿದುಕೊಳ್ಳುವ ಮಗ್ಗದಲ್ಲಿ ನೇಯುತ್ತಾರೆ. ಸಾರವಾಕ್‌ನ ರಾಜಧಾನಿ ಕುಚಿಂಗ್‌ನಲ್ಲಿ ನೋಡಿದ ಹಳೆಯ ತುಂಡೊಂದರಲ್ಲಿ, ಕಟ್ಟಿನ ಅಂಚಿನೊಳಗೆ ಬಣ್ಣ ಕೂದಲೆಳೆಯಷ್ಟು ನುಸುಳಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಸಾರವಾಕ್‌ನಲ್ಲಿ ನೆಲೆಸಿರುವ ಕನ್ನಡಿಗರು ಇಬಾನ್ ಭಾಷೆ ಬಲ್ಲ ಮಾರ್ಗದರ್ಶಿ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಬೇಕು. ಉದ್ದಮನೆಯ ಮುಖ್ಯಸ್ಥರಾದ ತುವಾಯ್ ರುಮಾ ಅವರ ಅನುಮತಿಯನ್ನು ಮೊದಲೇ ಕೇಳುವುದು ಹೇಗೆ, ಕೈಕಾಣಿಕೆಯಾಗಿ ಏನನ್ನು ಒಯ್ಯುವುದು ಉಚಿತ, ರುವಾಯ್ ಎಂಬ ಅವರ ಉದ್ದ ಪಡಸಾಲೆಯಲ್ಲಿ ನೇಯ್ಗೆಯ ಫೋಟೊ ತೆಗೆಯಬಹುದೇ ಎಂಬುದನ್ನೂ ಬಲ್ಲವರು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.