ಸಹಾಯ ಬೇಕು: ಐಸ್ ಹಾಕಿ ಗೇಮ್‌ನಲ್ಲಿ ಆಟಗಾರರ ಕೌಶಲದ ವ್ಯತ್ಯಾಸ ಕೈಗೆ ತಿಳಿಯುತ್ತಿಲ್ಲ

ಐಸ್ ಹಾಕಿ ವಿಡಿಯೊ ಗೇಮ್ ಒಂದನ್ನು ರೂಪಿಸುತ್ತಿದ್ದೇನೆ. ಎಡ ಜಾಯ್‌ಸ್ಟಿಕ್ ಸ್ಕೇಟಿಂಗ್‌ಗೆ, ಬಲದ್ದು ಹಾಕಿ ಸ್ಟಿಕ್‌ಗೆ. ಗೇಮ್‌ನ ಪ್ರತಿ ಆಟಗಾರನಿಗೂ ವೇಗ, ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹಿಡಿತ, ಹೊಡೆತಕ್ಕೆ 100ರೊಳಗಿನ ಅಂಕಗಳಿವೆ. ಆದರೂ 60 ಅಂಕದವನೂ 90 ಅಂಕದವನೂ ಆಡಲು ಒಂದೇ ಎನಿಸುತ್ತಾರೆ.

ವೇಗದ ಅಂತರ ಹೆಚ್ಚಿಸಿದೆ. ದುರ್ಬಲ ಆಟಗಾರ ಕೆಸರಿನಲ್ಲಿ ಓಡಿದಂತಾಯಿತು. ನಿಜವಾದ ಆಟದಲ್ಲಿ ತಿರುವಿನಲ್ಲಿ ವೇಗ ಉಳಿಸಿಕೊಳ್ಳುವಾಗ, ತಲೆ ಎತ್ತಿಕೊಂಡೇ ಪಕ್ ಸಾಗಿಸುವಾಗ, ಬ್ಯಾಕ್‌ಹ್ಯಾಂಡ್‌ನಲ್ಲಿ (ಸ್ಟಿಕ್‌ನ ಹಿಂಬದಿಯಿಂದ) ಪಾಸ್ ಪಡೆಯುವಾಗ ಕೌಶಲ ಎದ್ದು ಕಾಣುತ್ತದೆ. ಅದಕ್ಕಾಗಿ ಯಾದೃಚ್ಛಿಕ ತಪ್ಪುಗಳನ್ನು ಸೇರಿಸಿದೆ. ಆಗ ಜಾಯ್‌ಸ್ಟಿಕ್ ಸರಿಯಾಗಿ ತಿರುಗಿಸಿದವರಿಗೂ ಪಕ್ ಜಾರಿತು. ಇದು ಆಡುವವರಿಗೆ ಮಾಡುವ ಅನ್ಯಾಯ, ಒಪ್ಪಲು ಮನಸ್ಸಿಲ್ಲ.

ಗೊಂದಲ ಇಲ್ಲೇ ಇದೆ: ಅಂಕಗಳು ನೇರವಾಗಿ ಫಲಿತಾಂಶವನ್ನು ಬದಲಿಸಬೇಕೇ, ಅಥವಾ ಸರಿಯಾಗಿ ಆಡಲು ಸಿಗುವ ಸಮಯವನ್ನು ಹಿಗ್ಗಿಸಿ ಕುಗ್ಗಿಸಬೇಕೇ? ಪಕ್ ಹಿಡಿತಕ್ಕೆ ನೀವು ಯಾವುದನ್ನು ಬಳಸಿದ್ದೀರಿ, ಏಕೆ?